ಕೆಮ್ಮಣ್ಣಿನ ಗೆರೆಯ ಮಹಾಸಮರ

ಹೊಳೆಗೆ ಒಡ್ಡು ಕಟ್ಟಲೆಂದು ಮೂರು ಬಾರಿ ಸರ್ವೆಯಾಗಿ, ಎರಡು ಬಾರಿ ಅಡಿಗಲ್ಲು ಬಿದ್ದು, ಆ ಅಡಿಗಲ್ಲುಗಳೇ ಹೊಳೆಯ ಪಾಲಾದ ಮೇಲೂ ‘ಯೋಜನೆ ಪರಿಶೀಲನೆಯಲ್ಲಿದೆ’ ಎಂಬ ಮಹಾಮಂತ್ರವೊಂದೇ ಎಂಟು ದಿಕ್ಕಿಗೂ ಮೊಳಗುತ್ತಿದ್ದ ಆ ಯುಗವನ್ನು ಮೊದಲು ನೆನೆಯೋಣ. ಆ ಯುಗದಲ್ಲಿ ಮಲಪ್ರಭೆಯ ದಂಡೆಯ ಕೆಳಗಿನಹಾಳವೆಂಬ ಪುರದಲ್ಲಿ, ಕರ್ದಮಕ್ರೀಡಾಕೋವಿದನೂ, ಜಲಪ್ರಳಯಪೀಡಿತಶಿರೋಮಣಿಯೂ, ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದ ಸ್ವತಂತ್ರಮತಿಯೂ ಆದ ಯಮನೂರಪ್ಪನೆಂಬ ವೀರನಿದ್ದನು. ಅವನನ್ನೂ ನೆನೆಯೋಣ, ಸರ್ಕಾರವಂತೂ ನೆನೆದಿರಲಿಲ್ಲ.

ವೀರನ ಮನೆ ಹೊಳೆಯ ಮಗ್ಗುಲಲ್ಲೇ ಇದ್ದಿತು. ನಡುಗೋಡೆ ಒಂದೇ ಆಗಿ, ಪಕ್ಕದಲ್ಲಿದ್ದುದು ಅವನ ಚಿಗವ್ವ, ಅಂದರೆ ತೀರಿಹೋದ ಕಾಕನ ಹೆಂಡತಿ, ವಾಗ್ಬಾಣವರ್ಷಿಣಿ ಶಾವಂತ್ರವ್ವನ ಮನೆ. ಹಿಂದಿನ ಮಹಾಪೂರ ಇಳಿದಾಗ, ನೀರು ಎಲ್ಲಿಯ ತನಕ ಬಂದಿತ್ತೋ ಗೋಡೆಯ ಮೇಲೆ ಗೆರೆ ಎಳೆದಿಡಿ ಎಂದು ಊರಲ್ಲಿ ಡಂಗುರವಾಗಿತ್ತು. ಶಾವಂತ್ರವ್ವ ಕೆಮ್ಮಣ್ಣಿನಿಂದ ಎದೆಮಟ್ಟಕ್ಕೊಂದು ಗೆರೆ ಎಳೆದಳು. ತನಗಿಂತ ಚಿಗವ್ವ ಹೆಚ್ಚು ಮುಳುಗುವುದೆಂದರೇನು? ಮುಳುಗುವುದರಲ್ಲಿ ತನ್ನನ್ನು ಮೀರಿಸುವವರು ಈ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ಗರ್ಜಿಸಿ ಯಮನೂರಪ್ಪ ಗಲ್ಲದ ಮಟ್ಟಕ್ಕೆ ಎಳೆದನು. ಅವಳು ಹಣೆಮಟ್ಟಕ್ಕೆ ಎಳೆದಳು. ಅವನು ಬೀಸುವ ಕಲ್ಲು ಉರುಳಿಸಿ ತಂದು, ಅದರ ಮೇಲೆ ನಿಂತು, ಬಾಗಿಲ ಚೌಕಟ್ಟಿಗಿಂತ ಮೇಲಕ್ಕೆ ಎಳೆದನು. ಹೀಗೆ ಒಂದೇ ಗೋಡೆಯ ಆಚೆಗೊಂದು ಹೊಳೆ, ಈಚೆಗೊಂದು ಹೊಳೆ ಹರಿದಿತ್ತೆಂಬುದು ಇತಿಹಾಸವಾಯಿತು.

ಹೀಗಿರಲಾಗಿ ಒಂದು ಸೋಮವಾರ ಹೊತ್ತೇರುವಾಗ, ಧೂಳಿನ ಮೇಘವನ್ನು ಸೀಳಿ ಬಂದ ಜೀಪಿನಿಂದ ಟೇಪುಧಾರಿಣಿ ಎಂಜಿನಿಯರ್ ಮೇಡಂ ಇಳಿದರು. ಕಡೆಗೂ ಒಡ್ಡು ಕಟ್ಟಲು ಸರ್ಕಾರ ಒಪ್ಪಿದೆ, ನಕ್ಷೆ ಇವತ್ತೇ ಹೋಗಬೇಕು, ಇಲ್ಲವಾದರೆ ಅನುದಾನ ಬೇರೆ ಊರಿನ ಪಾಲು ಎಂದು ತಿಳಿಸಿ, ಎಲ್ಲಕ್ಕಿಂತ ಎತ್ತರದ ಗೆರೆ ಯಾವುದೆಂದು ಕೇಳಿದರು. ವೀರ ಎದೆಯುಬ್ಬಿಸಿ ತನ್ನದನ್ನು ತೋರಿಸಿದನು. ಮೇಡಂ ಅಳೆದರು, ಲೆಕ್ಕ ಹಾಕಿದರು, ಹೊಳೆಯ ಕಡೆಯಿಂದ ಅಳತೆ ಹಿಡಿದು ಬಂದು ಬರಲಿರುವ ಒಡ್ಡಿನ ಬುಡದ ಅಂಚಿಗೆ ಸುಣ್ಣದ ಪುಡಿ ಉದುರಿಸಿದರು. ಆ ಬಿಳಿಗೆರೆ ಬಿದ್ದದ್ದು ಯಮನೂರಪ್ಪನ ಅಡುಗೆಮನೆಯಲ್ಲಿ, ಒಲೆಯ ಈಚೆಗೆ.

“ಒಡ್ಡು ಒಂದಡಿ ಏರಿದರೆ ಬುಡ ನಾಲ್ಕಡಿ ಅಗಲ ಆಗಬೇಕು,” ಎಂದರು ಮೇಡಂ. “ನೀರು ಇಷ್ಟೆತ್ತರ ಬಂದಿದ್ದು ನಿಜವಾದರೆ ಈ ಎರಡೂ ಮನೆ ತೆಗೀಬೇಕಾಗ್ತದೆ.”

ವೀರ ಒಲೆಯನ್ನೊಮ್ಮೆ, ಬಿಳಿಗೆರೆಯನ್ನೊಮ್ಮೆ ನೋಡಿದನು. ಆದರೂ ಪರಾಕ್ರಮ ಬಿಡದೆ, ತನ್ನ ಗೋಡೆ ಮುಟ್ಟುವ ತಾಕತ್ತು ಆ ಹೊಳೆಗೆ ಎಲ್ಲಿಯದು, ನೀರು ಬಂದದ್ದು ಬರೀ ಟೊಂಕದ ತನಕ ಎಂದು ಘೋಷಿಸಿದನು. ಬಿಟ್ಟಾಳೆಯೇ ಶಾವಂತ್ರವ್ವ? ತನ್ನ ಮನೆಯಲ್ಲಿ ಮೊಣಕಾಲು ಸಹ ತೊಯ್ದಿಲ್ಲವೆಂದಳು. ಅವನು ಹಿಮ್ಮಡಿಗೆ ಇಳಿಸಿದನು.

“ಹಿಮ್ಮಡಿ ಎಲ್ಲೀದ್ರಿ ಮೇಡಂರ,” ಎಂದಳು ಅವಳು. “ಹೊಸ್ತಿಲದಾಗ ನಿಂತು, ಒಳಗ ಬರ್ಲೇನು ಅಂತ ಕೇಳಿ ಹಂಗ ಹೋತು.”

ಮೇಡಂ ಟೇಪು ಸುತ್ತಿಕೊಳ್ಳತೊಡಗಿದರು. ನೀರೇ ಬರದ ಊರಿಗೆ ಒಡ್ಡು ಯಾಕೆ, ಹಾಗೆಂದೇ ಬರೆದು ಕಳಿಸುತ್ತೇನೆ ಎಂದು ಜೀಪಿನ ಕಡೆಗೆ ತಿರುಗಿದರು.

ಇಬ್ಬರೂ ಹೊಳೆಯತ್ತ ನೋಡಿದರು. ಮಳೆಗಾಲಕ್ಕೆ ಇನ್ನು ಎಂಟು ತಿಂಗಳಿತ್ತು. ಯಮನೂರಪ್ಪನಿಗೆ ಸಿಟ್ಟು ನೆತ್ತಿಗೇರಿತು. ಗೆರೆಯ ಮೇಲೋ, ಚಿಗವ್ವನ ಮೇಲೋ, ಎರಡು ಅಡಿಗಲ್ಲುಗಳ ಮೇಲೋ ಅವನಿಗೇ ಬಗೆಹರಿಯಲಿಲ್ಲ. ಓಡಿಹೋಗಿ ಜೀಪಿಗೆ ಅಡ್ಡ ನಿಂತನು.

“ಹೊಕ್ಕಳ ತನಕ ಬಂದಿತ್ರಿ. ಈ ಚಿಗವ್ವನ್ನ ಹೆಗಲಮ್ಯಾಲ ಹೊತಗೊಂಡು ಅದ ನೀರಾಗ ದಾಟೇನಿ. ನನಗ ಗೊತ್ತಿಲ್ಲೇನ್ರಿ?”

ಶಾವಂತ್ರವ್ವ ಸೆರಗು ಸರಿಮಾಡಿಕೊಂಡಳು. “ಖರೇ ಐತ್ರಿ,” ಎಂದಳು ಸಣ್ಣ ದನಿಯಲ್ಲಿ. “ಎಷ್ಟು ವಜ್ಜೆ ಅದೀ ಮುದುಕಿ ಅಂತ ದಾರಿತುಂಬಾ ಬೈದಾ. ಆದ್ರ ಇಳಸಲಿಲ್ಲ.”

ಆಗ ಆ ಪ್ರಳಯಜಲಧಿಲಂಘನವೀರನು ಅಂಗಿ ಮೇಲೆತ್ತಿ ಗೋಡೆಗೆ ಬೆನ್ನು ಕೊಟ್ಟು ನಿಂತನು. ಊರ ಜನ ನೋಡುತ್ತಿರಲು ಮೇಡಂ ಹೊಕ್ಕಳ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದರು. ತುದಿಗಾಲಲ್ಲಿ ನಿಲ್ಲಬೇಡವೆಂದು ಚಿಗವ್ವ ಎರಡು ಸಲ ಅವನ ಹೆಗಲು ಅದುಮಿದಳು. ಮೂರೂವರೆ ಅಡಿ. ಬಿಳಿಗೆರೆ ಹಿಂದೆ ಸರಿಯಿತು, ಮನೆಗಳೆರಡೂ ಉಳಿದವು. ಧರಾಶಾಯಿಯಾಗಬೇಕಾದದ್ದು ಹಿತ್ತಲಲ್ಲಿದ್ದ ಯಮನೂರಪ್ಪನ ಬಚ್ಚಲು ಮಾತ್ರ.

ಬೇಸಿಗೆಯೊಳಗೆ ಒಡ್ಡು ಎದ್ದು, ಕಡೆಯ ದಿನ ಆ ಬಚ್ಚಲನ್ನೂ ನುಂಗಿ ನಿಂತಿತು. ಮರುದಿನ ಬೆಳಿಗ್ಗೆ ವೀರ ಹೆಗಲ ಮೇಲೆ ಟವೆಲು ಹಾಕಿಕೊಂಡು ಚಿಗವ್ವನ ಬಾಗಿಲಿಗೆ ಹೋಗಿ, ಅವಳ ಬಚ್ಚಲಲ್ಲಿ ಜಳಕ ಮಾಡಬಹುದೇ ಎಂದು ನೆಲ ನೋಡುತ್ತ ಕೇಳಿದನು.

“ಮಾಡು, ಯಾರು ಬ್ಯಾಡಂತಾರ,” ಎಂದು ಅವಳು ಖಾಲಿ ಕೊಡವನ್ನು ಅವನ ಕೈಗಿಟ್ಟಳು. “ನೀರು ಮಾತ್ರ ನೀನ ತಗೊಂಡು ಬಾ.”

ಯಮನೂರಪ್ಪ ಕೊಡ ಹೊತ್ತು, ಏದುಸಿರು ಬಿಡುತ್ತ ಒಡ್ಡು ಹತ್ತಿ, ಹೊಳೆಗೆ ಇಳಿದನು.