ಕೋರ್ಟಿನ ಮೇಲೆ ಈರುಳ್ಳಿ

ಚಿಂತೆ ಮಾಡುವ ಸ್ವಭಾವದವರು ಬಯಲಿನಲ್ಲಿ ಟೆನಿಸ್ ಆಡಬಾರದು. ಅದರಲ್ಲೂ ನಮ್ಮ ಅಜ್ಜಂಪುರದಲ್ಲಿ ವರ್ಷವಿಡೀ ಆಡಲೇಬಾರದು. ಬೇಸಿಗೆಯಲ್ಲಿ ಮಣ್ಣಿನ ಕೋರ್ಟು ಕಾದು ಗಟ್ಟಿಯಾಗಿ, ಚೆಂಡು ನನ್ನ ತಲೆಯ ಮೇಲೆ ಹಾರಿಹೋಗುತ್ತದೆ. ಮಳೆಗಾಲದಲ್ಲಿ ಅದೇ ಚೆಂಡು ಬಿದ್ದಲ್ಲೇ ಕೂರುತ್ತದೆ. ಆಗ ಬಿಸಿಲು ಬಡಿದೀತೆಂಬ ಹೆದರಿಕೆ, ಈಗ ಜಾರಿ ಬಿದ್ದು ಸೊಂಟ ಮುರಿದೀತೆಂಬ ಹೆದರಿಕೆ. ಎರಡೂ ಇಲ್ಲದ ಹಿತವಾದ ಚಳಿಗಾಲದಲ್ಲಿ, ಎಲ್ಲ ಇಷ್ಟು ಚೆನ್ನಾಗಿದೆ ಎಂದರೆ ಮುಂದೇನೋ ಕಾದಿರಬೇಕು ಎಂದು ಹೆದರುತ್ತೇನೆ. ಆದರೂ ಆಟ ಬಿಟ್ಟಿಲ್ಲ. ಬಿಟ್ಟರೆ ಸಕ್ಕರೆ ಕಾಯಿಲೆ ಬಂದರೆ?

ಈ ಸಲದ ಮಳೆಗಾಲದಲ್ಲಿ ಮಾತ್ರ ನನಗೊಂದು ನಿಜವಾದ ಆಸೆಯಿತ್ತು. ಕಡೂರಿನ ಇಬ್ಬರು ಮೇಷ್ಟ್ರುಗಳ ಜೋಡಿಗೂ ನಮ್ಮ ಜೋಡಿಗೂ ವರ್ಷಕ್ಕೊಂದು ಪಂದ್ಯ. ಅವರ ಸಿಮೆಂಟ್ ಕೋರ್ಟಿಗೆ ಹೋಗಿ, ಸೋತು, ಅವರು ಕೊಡಿಸಿದ ಇಡ್ಲಿ ತಿಂದು ಬರುವುದು ನಮ್ಮ ವಾಡಿಕೆ. ಈ ಬಾರಿ ಮೊದಲ ಸಲ ನಮ್ಮ ಮಣ್ಣಿನಲ್ಲಿ ಆಟ. ಇಲ್ಲಿನ ಒಂದೊಂದು ತಗ್ಗೂ ನಮಗೆ ಪರಿಚಿತ. ಗೆದ್ದರೆ ಇಲ್ಲೇ ಗೆಲ್ಲಬೇಕು. ಕರಾರು ಒಂದೇ: ಭಾನುವಾರ ಬೆಳಿಗ್ಗೆ ಕೋರ್ಟು ಸಿದ್ಧವಿರದಿದ್ದರೆ ನಾವು ಸೋತ ಲೆಕ್ಕ.

ಶನಿವಾರ ಮಧ್ಯಾಹ್ನ ಮೋಡ ಕವಿಯಿತು. ನನ್ನ ಜೊತೆ ಆಡುವ ಬಾಲ್ಯದ ಗೆಳೆಯ ರುದ್ರೇಶ ಈರುಳ್ಳಿ ಬೆಳೆಗಾರ. ಮಳೆ ಬಂದಾಗಲೆಲ್ಲ ಕೋರ್ಟಿಗೆ ಹೊದಿಸುವುದು ಅವನದೇ ಟಾರ್ಪಾಲು. ಫೋನ್ ಮಾಡಿದೆ.

"ಇವತ್ತು ಕೊಡಕ್ಕಾಗಲ್ಲ ಕಣೋ. ಕಿತ್ತ ಈರುಳ್ಳಿ ಎಲ್ಲಾ ಹೊಲದಾಗೇ ಬಿದ್ದೈತೆ, ಅದಕ್ಕೇ ಹೊದುಸ್ಬೇಕು. ಕೆಳಗೆ ನೆಲ ಬೇರೆ ಹಸಿ," ಎಂದ.

ಆಗ ನನಗೆ ಅಪರೂಪಕ್ಕೊಂದು ಉಪಾಯ ಹೊಳೆಯಿತು. "ಈರುಳ್ಳೀನೇ ಕೋರ್ಟಿಗೆ ತಂದು ಹರಡೋ, ಇಲ್ಲಿ ನೆಲ ಒಣಗೈತೆ. ಮೇಲೆ ಟಾರ್ಪಾಲು ಹಾಕಣ. ಅದೂ ಉಳೀತು, ಇದೂ ಉಳೀತು. ಬೆಳಿಗ್ಗೆ ಎತ್ಕೊಂಡ್ ಹೋಗು."

"ಲೇ, ನಿಂಗೂ ತಲೆ ಐತೆ ಕಣೋ," ಎಂದ ರುದ್ರೇಶ. ಟ್ರ್ಯಾಕ್ಟರ್ ಬಂತು. ಸಂಜೆಯ ಹೊತ್ತಿಗೆ ನೆಟ್ಟಿನ ಎರಡೂ ಕಡೆ ಈರುಳ್ಳಿ.

ಮಳೆ ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ವಾರದಿಂದ ಕಾಣದಿದ್ದ ಬಿಸಿಲು. ಹೋಗಿ ನೋಡಿದರೆ ರುದ್ರೇಶನ ಹೆಂಡತಿ ಗಂಗಕ್ಕ ಟಾರ್ಪಾಲು ತೆಗೆಸಿ, ಕೂಲಿ ಹೆಂಗಸರನ್ನು ಬಿಳಿ ಗೆರೆಯುದ್ದಕ್ಕೂ ಸಾಲಾಗಿ ಕೂರಿಸಿಬಿಟ್ಟಿದ್ದರು. ಎಲ್ಲರೂ ಹರಟುತ್ತ ಈರುಳ್ಳಿಯ ಸೊಪ್ಪು ಕೊಯ್ಯುತ್ತಿದ್ದರು.

"ಗಂಗಕ್ಕ, ಆಟ ಐತಲ್ಲ," ಎಂದೆ.

"ಆಡ್ಕಳಿ, ಯಾರು ಬ್ಯಾಡ ಅಂದ್ರು? ಸಂಜೆ ತಂಕ ತಡೀರಿ. ಇಂಥ ಬಿಸ್ಲು, ಇಂಥ ನೆಲ ನಂಗೆ ಮತ್ತೆ ಎಲ್ಲಿ ಸಿಕ್ತೈತೆ ಕಣಣ್ಣ?"

ರುದ್ರೇಶನ ಕಡೆ ನೋಡಿದೆ. ಅವನು ಟೆನಿಸ್ ಷೂ ಹಾಕಿಕೊಂಡೇ ಚೀಲದ ಬಾಯಿ ಹಿಡಿದು ನಿಂತಿದ್ದ. ನನಗೆ ಮುಖ ಕೊಡಲಿಲ್ಲ.

ಕಡೂರಿನವರು ಬಂದರು. ಹಿರಿಯ ಮೇಷ್ಟ್ರು ಕೋರ್ಟಿಗೊಂದು ಸುತ್ತು ಹಾಕಿ, ಒಂದು ಗೆಡ್ಡೆ ಎತ್ತಿ ಹಿಸುಕಿ ನೋಡಿದರು.

"ಮಾಲು ಚೆನ್ನಾಗೈತೆ. ಆದ್ರೂ ಕರಾರು ಕರಾರೇ ಕಣ್ರೀ. ಗೆಲುವು ನಮ್ಮದು," ಎಂದು ನಕ್ಕರು. ಗಂಗಕ್ಕ ಇಬ್ಬರಿಗೂ ಒಂದೊಂದು ಚೀಲ ಈರುಳ್ಳಿ ಕಟ್ಟಿಸಿ ಕಳಿಸಿದರು.

ಮನೆಗೆ ಬಂದಾಗ ನನ್ನ ಹೆಂಡತಿ, "ಇಷ್ಟ್ ಬೇಗ ಬಂದ್ಬಿಟ್ರಲ್ಲ, ಸೋತ್ರಾ?" ಎಂದಳು.

"ಸೋತ್ವಿ. ಆದ್ರೆ ಒಂದು ಚೆಂಡನ್ನೂ ನೆಟ್ಟಿಗೆ ಹೊಡೀಲಿಲ್ಲ ಕಣೇ."

"ಪರವಾಗಿಲ್ವೇ," ಎಂದವಳು ನನ್ನನ್ನು ಸ್ವಲ್ಪ ಹೆಮ್ಮೆಯಿಂದಲೇ ನೋಡಿ, ಕೇಳದೆಯೇ ಎರಡನೇ ಲೋಟ ಕಾಫಿ ತಂದುಕೊಟ್ಟಳು. ಅದನ್ನು ಕುಡಿಯುವಾಗ ನೆನಪಾಯಿತು: ಸಂಜೆ ಮೂಟೆ ಕಟ್ಟಿ ಮುಗಿಸಿ, ನಮ್ಮ ಮನೆಗೂ ಒಂದಷ್ಟು ಈರುಳ್ಳಿ ತರುತ್ತೇನೆಂದು ಗಂಗಕ್ಕ ಹೇಳಿದ್ದರು. ಅವರು ಬಂದು ನಡೆದದ್ದನ್ನು ಬಾಯಿ ಬಿಡುವ ಮೊದಲು ಜೋರಾಗಿ ಮಳೆ ಹಿಡಿಯಬಾರದೇ ಎಂದು, ಲೋಟ ಹಿಡಿದು ಜಗುಲಿಯಲ್ಲಿ ಆಕಾಶ ನೋಡುತ್ತ ಕುಳಿತೆ.