ಯಾರೂ ಮುಟ್ಟಬಾರದ ತಿರುಪು

ಎಲ್ಲ ಶುರುವಾದದ್ದು ಅತ್ತೆಯ ಹೊಟ್ಟೆಯಿಂದ. ಹೊಸ ವರ್ಷದ ದಿನ ಹಿರೋಮು ತನ್ನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಅತ್ತೆ ತೋಮಿಯೆಯನ್ನು ಕೂರಿಸಿಕೊಂಡು ಘಟ್ಟ ಹತ್ತಿದ್ದ. ಹನ್ನೊಂದನೇ ತಿರುವಿನಲ್ಲಿ ಅವರು ಹಬ್ಬದೂಟವನ್ನೆಲ್ಲ ಕಾರಿಗೇ ಅರ್ಪಿಸಿಬಿಟ್ಟರು.

ಅವತ್ತೇ ಹೆಂಡತಿ ಚಿಜುರು ತೀರ್ಪು ಕೊಟ್ಟಳು: "ನೋಡ್ರೀ, ಈ ಕಾರಲ್ಲಿ ಇನ್ನೊಂದು ಸಲ ಯಾರಾದ್ರೂ ವಾಂತಿ ಮಾಡ್ಕೊಂಡ್ರೆ ಮಾರಿಬಿಡೋದೇ. ಆಮೇಲೆ ಅತ್ತರೂ ಕೇಳೋಳಲ್ಲ."

ಕಿರ್ಯೂ ಊರಿನ ಅಂಚೆ ಕಚೇರಿಯಲ್ಲಿ ದಿನವಿಡೀ ಮುದ್ರೆ ಒತ್ತುವ ಹಿರೋಮುವಿಗೆ ಬಾಳಿನಲ್ಲಿದ್ದ ಒಂದೇ ಸುಖ ಆ ಎರಡು ಸೀಟಿನ ಹಳೇ ಕಾರು. ಎರಡು ತಿಂಗಳು ಓನುಕಿ ಮೇಸ್ತ್ರಿಯ ಗ್ಯಾರೇಜಿಗೆ ಎಡತಾಕಿದ. ಮೇಸ್ತ್ರಿ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಕಿ, ತಿರುವಿನಲ್ಲಿ ವಾಲದಂತೆ ಕಾರಿನಡಿಯಲ್ಲಿ ಒಂದು ದಪ್ಪ ಕಂಬಿ ಕೂರಿಸಿದ. ಅದೆಂಥ ಕೈ ಅಂತೀರಿ! ಮುದುಕ ಒಂದೊಂದು ಬೋಲ್ಟನ್ನೂ ಮಗುವಿನ ಅಂಗಿಗೆ ಗುಂಡಿ ಹಾಕುವ ಹಾಗೆ ಬಿಗಿದಿದ್ದ. ಶಾಕ್ ಅಬ್ಸಾರ್ಬರುಗಳ ತಲೆಯ ಮೇಲೆ ಒಂದೊಂದು ತಿರುಪು.

"ಎಡಕ್ಕೆ ಮೆತ್ತಗೆ, ಬಲಕ್ಕೆ ಬಿಗಿ. ನನ್ನ ಕೈಯಳತೇಲಿ ಇಟ್ಟಿದ್ದೀನಿ. ಯಾರಿಗೂ ಮುಟ್ಟೋಕೆ ಬಿಡ್ಬೇಡಪ್ಪ," ಎಂದ.

ಹಿರಿಯರನ್ನು ನೆನೆಯುವ ವಸಂತದ ಹಿಗಾನ್ ಹಬ್ಬ ಬಂತು. ಘಟ್ಟದಾಚೆಗಿದ್ದ ಮಾವನ ಸಮಾಧಿಗೆ ಹೋಗುವ ದಿನ. ಹೂವು, ಪೊರಕೆ, ಬಕೆಟ್ಟು ಹೇರಿಕೊಂಡು ಚಿಜುರು ಅಮ್ಮನ ಪುಟ್ಟ ಟ್ರಕ್ಕಿನಲ್ಲಿ ಮುಂಚೆಯೇ ಹೊರಟಳು. ಕಾರಿನ ಬಾನೆಟ್ ತೆರೆದಿಟ್ಟು ಒರೆಸುತ್ತಿದ್ದ ಹಿರೋಮು, ಹೂರಣ ಮೆತ್ತಿದ ಓಹಾಗಿ ಉಂಡೆಗಳ ಡಬ್ಬಿ ತರಲು ಒಳಗೆ ಹೋದ. ಅಷ್ಟು ಸಾಕಾಯಿತು ಪಕ್ಕದ ಮನೆಯ ನೆಜುವಿಗೆ; ಹಿರೋಮು ಹೊರಬರುವಷ್ಟರಲ್ಲಿ ತಿರುಪು ತಿರುಗಿಸಿಯಾಗಿತ್ತು.

"ಏನಯ್ಯಾ, ವಯಸ್ಸಾದವರು ಕೂರೋ ಗಾಡಿ, ಇಷ್ಟು ಬಿಗಿ ಇಡೋದಾ? ಮುಂದಿನ ಎರಡನ್ನೂ ಮೆತ್ತಗೆ ಮಾಡಿದೀನಿ. ಥ್ಯಾಂಕ್ಸ್ ಎಲ್ಲ ಬೇಡ ಬಿಡು."

"ಎಷ್ಟು ತಿರುಗಿಸಿದ್ರಿ?"

"ತಿರುಗೋವಷ್ಟು!"

ಓನುಕಿಯ ಗ್ಯಾರೇಜಿಗೆ ಅಂದು ರಜೆ. ದೇವರ ಮೇಲೆ ಭಾರ ಹಾಕಿ ಹಿರೋಮು ಅತ್ತೆಯನ್ನು ಕೂರಿಸಿಕೊಂಡು ಹೊರಟ. ಮೂರನೇ ತಿರುವಿಗೆ ಕಾರಿನ ಮೂಗು ದೋಣಿಯಂತೆ ತೂಗಾಡಿತು. ಅತ್ತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ನಿಲ್ಲಿಸಿ ತಿರುಪುಗಳನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಈಗ ಪ್ರತಿ ಹಳ್ಳಕ್ಕೂ ಅತ್ತೆಯ ಹಲ್ಲಿನ ಸೆಟ್ಟು ಕಟಕಟ ಎಂದಿತು, ಡಬ್ಬಿಯಲ್ಲಿ ಓಹಾಗಿ ಕುಣಿಯಿತು.

"ನಿಲ್ಸಿ ಅಳಿಯಂದ್ರೇ! ಏನದು ನೀವು ಆಗ್ಲಿಂದ ತಿರುಗಿಸ್ತಿರೋದು?"

ಹಿರೋಮು ಅಳುಮೋರೆ ಮಾಡಿ ತೋರಿಸಿದ. ಅತ್ತೆ ಎರಡೂ ಅಂಗೈಯಿಂದ ಕಾರಿನ ಮೂಗನ್ನು ಒತ್ತಿ ಬಿಟ್ಟರು. ಕಿವಿಗೊಟ್ಟರು. ತಾವೇ ತಿರುಪು ತಿರುಗಿಸಿದರು: ಟಿಕ್, ಟಿಕ್, ಅರ್ಧ ಹಿಂದಕ್ಕೆ. ಮತ್ತೆ ಒತ್ತಿದರು.

"ಮೂವತ್ತೈದು ವರ್ಷ ರೇಷ್ಮೆ ಮಗ್ಗದಲ್ಲಿ ಕೂತೋಳು ನಾನು. ನೂಲಿನ ಬಿಗಿ ಗೊತ್ತಾಗೋದು ಬೆರಳಿಗೆ, ಕಣ್ಣಿಗಲ್ಲ. ಆಚೆ ಸರೀರಿ, ನಾನೇ ಓಡಿಸ್ತೀನಿ. ಪಕ್ಕ ಕೂತ್ರೇನೇ ನಂಗೆ ಹೊಟ್ಟೆ ತೊಳಸೋದು."

ಅಬ್ಬಾ! ಆಮೇಲಿನ ಓಟವನ್ನು ಓನುಕಿ ನೋಡಬೇಕಿತ್ತು. ಕಾರು ತಿರುವಿಗೆ ಅಂಟಿಕೊಂಡು ಹರಿಯಿತು, ವಾಲಲಿಲ್ಲ, ಜಿಗಿಯಲಿಲ್ಲ. ಎಪ್ಪತ್ತೊಂದರ ಅತ್ತೆ ಗೇರು ಬದಲಿಸುತ್ತ ಹಳೇ ಹಾಡು ಗುನುಗಿದರು. ಪಕ್ಕದಲ್ಲಿ ಡಬ್ಬಿ ಹಿಡಿದು ಕೂತ ಹಿರೋಮುವಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಕಾರು ಉಳಿಯಿತು! ಅಷ್ಟರಲ್ಲಿ ಹೊಟ್ಟೆಯಲ್ಲಿ ಏನೋ ತಿರುಗಿತು. ಅವನೋ, ಹುಟ್ಟಿದಾರಭ್ಯ ಈ ಕಾರಿನಲ್ಲಿ ಪಕ್ಕದ ಸೀಟಿಗೆ ಕೂತವನಲ್ಲ.

"ಅತ್ತೆ... ಸ್ವಲ್ಪ... ನಿಧಾನ..."

"ಇನ್ನು ಎರಡೇ ತಿರುವು ಇರೋದು, ತಡ್ಕೊಳ್ಳಿ!"

ಒಂದು ತಿರುವು ತಡೆದ.

ಸಮಾಧಿಯ ಬಳಿ ಚಿಜುರು ಕಾರಿನೊಳಗೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು. "ಅಮ್ಮ?"

"ನಾನಲ್ಲಮ್ಮ," ಎಂದರು ತೋಮಿಯೆ.

"ಯಾರಾದ್ರೂ ಅಂದಿದ್ದೆ ಕಣ್ರೀ. ಮಾತು ಅಂದ್ರೆ ಮಾತು. ಮಾರ್ಬೇಕು."

"ಯಾರು ತಗೋತಾರೆ ಈ ಹಳೇದನ್ನ?" ಹಿರೋಮು ಕೊನೆಯ ಆಸೆಯಿಂದ ಕೇಳಿದ.

ಅತ್ತೆ ಆಗಲೇ ತಮ್ಮ ಟ್ರಕ್ಕಿನಿಂದ ಎಪ್ಪತ್ತು ದಾಟಿದ ಚಾಲಕರು ತಮ್ಮ ಗಾಡಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆಯನ್ನು ಕಿತ್ತು ತಂದಿದ್ದರು. ಅದನ್ನು ಕೆಂಪು ಬಾನೆಟ್ಟಿಗೆ ಟಪ್ಪನೆ ಅಂಟಿಸಿದರು. ಪೂಜೆ ಮುಗಿದು ಕಾರು ತೊಳೆದ ಮೇಲೆ ತಾಯಿ ಮಗಳು ಅದರಲ್ಲಿ ಹೊರಟು ನಿಂತರು. ಹಿರೋಮುವಿನ ಕೈಗೆ ಟ್ರಕ್ಕಿನ ಕೀಲಿ ಬಂತು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಕ್ಕರೆಯಿಂದ ಹೇಳಿದರು: "ನಿಧಾನಕ್ಕೆ ಬನ್ನಿ ಅಳಿಯಂದ್ರೇ, ಅದ್ರಲ್ಲಿ ತಿರುಪು ಗಿರುಪು ಏನೂ ಇಲ್ಲ."