ಪಂಪಾಪತಿ ಮಾಸ್ತರರ ಅರಣ್ಯವಾಸ

ಪಂಪಾಪತಿ ಮಾಸ್ತರರ ಸಂಕಟಕ್ಕೆಲ್ಲ ಮೂಲ ಅವರೇ ಬರೆದ ಒಂದು ವಾಕ್ಯ: ‘ಕಾಡಿನಲ್ಲಿ ದಾರಿ ತಪ್ಪಿದ ವಿನೋದನು ಎರಡು ಒಣ ಕಡ್ಡಿಗಳನ್ನು ಉಜ್ಜಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿ ಮಾಡಿಕೊಂಡನು.’

ಮಾನ್ವಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು ಮಕ್ಕಳಿಗಾಗಿ ಬರೆದ ಸಾಹಸದ ಕಾದಂಬರಿ ಅದು. ಕಾಡನ್ನು ಅವರು ಕಂಡದ್ದು ಕ್ಯಾಲೆಂಡರಿನಲ್ಲಿ, ಹುಲಿಯನ್ನು ಕಂಡದ್ದು ಮೊಹರಮ್ಮಿನ ವೇಷದಲ್ಲಿ. ಆದರೂ ಹೆಂಡತಿ ಉಮಾದೇವಿ ಅಕ್ಕಿ ಆರಿಸುತ್ತ ಒಂದೊಂದು ಅಧ್ಯಾಯವನ್ನೂ ಕೇಳಿದ್ದರು. ವಿನೋದ ಹಸಿದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು. ಹೋದ ದೀಪಾವಳಿಗೆ ಮೊದಲು ಆ ತಾಯಿ ಶಿವನ ಪಾದ ಸೇರಿದರು. ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರು ಅಚ್ಚಾಗಿ ಕಾಣಬೇಕು, ಮಾಸ್ತರರಿಗೆ ಇನ್ನುಳಿದಿದ್ದ ಆಸೆ ಇದೊಂದೇ.

ರಾಯಚೂರಿನಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುವ ಸಂಘಮಿತ್ರಾ ಹಸ್ತಪ್ರತಿ ಓದಿ ಫೋನು ಮಾಡಿದಳು.

“ಸರ್, ನಕ್ಕು ನಕ್ಕು ಹೊಟ್ಟಿ ಹುಣ್ಣಾತ್ರಿ.”

“ಅದು ನಗೋ ಪ್ರಸಂಗ ಅಲ್ಲವ್ವಾ. ಹುಡುಗ ಸಾಯಾಕತ್ಯಾನ.”

“ಅದಕ್ಕ ನಗು ಬಂತ್ರಿ. ಸಾಯಾಕತ್ತ ಹುಡುಗ ಸಂಧಿ ಸಮಾಸ ಹಚ್ಚಿ ಮಾತಾಡ್ತಾನ. ನೀವು ಒಂದ್ಸಲನಾದ್ರೂ ಕಡ್ಡಿ ಉಜ್ಜೀರೇನು? ಒಂದು ಹೊತ್ತರ ಹಸದೀರೇನು?”

ಮಾಸ್ತರರು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು.

“ಒಂದು ಕೆಲಸ ಮಾಡ್ರಿ. ರವಿವಾರ ಯಾವುದರ ಗುಡ್ಡದ ಮ್ಯಾಲ ಒಬ್ಬರ ಇರ್ರಿ. ಹೊತ್ತು ಮುಳುಗೋತನಕ ಏನೂ ತಿನ್ನಬ್ಯಾಡ್ರಿ. ಕಡ್ಡಿ ಉಜ್ಜಿ ಬೆಂಕಿ ಮಾಡ್ರಿ. ಗುಡ್ಡದ ಹೆಸರು ತಿಳಿಸ್ರಿ, ಸಂಜಿಗೆ ನಾನ ಕಾರ್ ತಗೊಂಡು ಬರ್ತೀನಿ. ಅಷ್ಟು ಮಾಡಿದ್ರಂದ್ರ ಪುಸ್ತಕ ಅಚ್ಚಿಗೆ ಹೋತು ಅಂತ ತಿಳ್ಕೋರಿ.”

ರವಿವಾರ ಬೆಳಗಿನ ಮೊದಲ ಬಸ್ಸಿಗೆಂದು ಮಾಸ್ತರರು ಕಳ್ಳನಂತೆ ಬಾಗಿಲು ತೆರೆದರೆ, ಎದುರುಮನೆಯ ಜಹೀರುದ್ದೀನ್ ಚಹಾದ ಕಪ್ಪು ಹಿಡಿದುಕೊಂಡೇ ನಿಂತಿದ್ದ.

“ಎತ್ತಾಗ ಸವಾರಿ, ಮಾಸ್ತರ್?”

“ಅರಕೇರಾ ಕಡಿ ಗುಡ್ಡಕ್ಕ. ಇವತ್ತು ಏನೂ ಮುಟ್ಟಂಗಿಲ್ಲ ನಾನು.”

“ಗಲ್ಲಿ ದಾಟಿದ್ರ ಚಾ ಕೇಳೋರು ನೀವು, ಗುಡ್ಡ ಹತ್ತತೀರಿ? ಆ ಗುಡ್ಡಕ್ಕ ಖುದಾನ ಹಾಫಿಜ್, ಅವನ ಕಾಯಬೇಕು!”

ದೇವದುರ್ಗದಲ್ಲಿ ಬಸ್ಸು ಬದಲಿಸಿ, ಅರಕೇರಾದ ಆಚೆ ಇಳಿದು, ಮಾಸ್ತರರು ಬಂಡೆಗಳ ಗುಡ್ಡ ಹತ್ತಿದರು. ದೊಡ್ಡದೊಂದು ಬಂಡೆಯ ನೆರಳಿನಲ್ಲಿ ಒಣಹುಲ್ಲು ಒಟ್ಟಿ ಕಡ್ಡಿ ಉಜ್ಜಲು ಕುಳಿತರು. ಉಜ್ಜಿದರು, ಮತ್ತೆ ಉಜ್ಜಿದರು. ಕಡ್ಡಿ ಹೊಸ ಅಳಿಯನ ಹಾಗೆ ತಣ್ಣಗೆ ಕುಳಿತಿತ್ತು. ಕಾದದ್ದು ಮಾಸ್ತರರ ಅಂಗೈ ಮಾತ್ರ. ಬೊಬ್ಬೆ ಎದ್ದವು. ಹೊಟ್ಟೆಯಲ್ಲಿ ಗೂಡ್ಸ್ ಗಾಡಿ ಹೊರಟಂತೆ ಸದ್ದಾಗತೊಡಗಿತು.

ಅಷ್ಟರಲ್ಲಿ ಬಂಡೆಯ ಹಿಂದೆ ಸರಸರ ಎಂದಿತು. ಕರಡಿ! ‘ಇಂಥ ಹೊತ್ತಿನಲ್ಲಿ ವಿನೋದನು ಧೈರ್ಯದಿಂದ ಎದೆಯೊಡ್ಡಿ ನಿಂತನು’ ಎಂದು ಬರೆದಿದ್ದ ಕೈಯೇ ಈಗ ಕಡ್ಡಿ ಚೆಲ್ಲಿ ಮುಖ ಮುಚ್ಚಿಕೊಂಡಿತು.

“ಯಪ್ಪಾ, ಯಾಕ ಅಳಾಕತ್ತಿ?”

ಬಂದದ್ದು ಒಂದು ಆಡು, ಅದರ ಹಿಂದೆ ಹಣಮಮ್ಮ. ಗುಡ್ಡದ ಕೆಳಗೆ ಹೊಲಗಳ ನಡುವಿನ ಹತ್ತಾರು ಮನೆಗಳ ದೊಡ್ಡಿಯವಳು.

“ಅಳಾಕತ್ತಿಲ್ಲವ್ವಾ. ಹೊತ್ತು ಮುಳುಗೋತನಕ ಇಲ್ಲೇ ಇರಬೇಕು ನಾನು.”

“ಉಂಡೇನು?”

“ಉಣ್ಣಂಗಿಲ್ಲ.”

ಹಣಮಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಅಂಗಿ, ಬಿಳಿ ಕೂದಲು, ಹತ್ತಿರ ಬುತ್ತಿಯ ಗಂಟಿಲ್ಲ. “ಮನ್ಯಾಗ ಜಗಳಾಡಿ ಬಂದೀ ಹೌದಿಲ್ಲೋ? ಸೊಸಿ ಏನರ ಅಂದ್ಲೇನು?”

“ಸೊಸಿ ಇಲ್ಲವ್ವಾ ನನಗ!”

“ಪಾಪ, ಸೊಸೀನೂ ಇಲ್ಲ!” ಎಂದು ಲೊಚಗುಟ್ಟಿ, ಆಡನ್ನು ಅಲ್ಲಿಯೇ ಬಿಟ್ಟು ಅವಳು ಇಳಿದು ಹೋದಳು.

ಆ ದೊಡ್ಡಿಯಲ್ಲಿ ಹಿರಿಯರಿಂದ ಬಂದ ನೇಮವೊಂದಿತ್ತು. ತಮ್ಮ ಸೀಮೆಯಲ್ಲಿ ಒಬ್ಬ ಮನುಷ್ಯ ಹಸಿದು ಕುಳಿತಿರುವಾಗ ಯಾರೂ ತುತ್ತು ಎತ್ತುವಂತಿಲ್ಲ. ಸ್ವಲ್ಪ ಹೊತ್ತಿಗೆ ಇಡೀ ದೊಡ್ಡಿಯೇ ರೊಟ್ಟಿಯ ಬುಟ್ಟಿ ಹೊತ್ತು ಗುಡ್ಡ ಹತ್ತಿತು. ಮುಂದೆ ಹಣಮಮ್ಮನ ಗಂಡ ಹಂಪಣ್ಣ, ಅವನ ಪಕ್ಕ ಮಗಳು ಅಂಬಿಕಾ, ಕೈಯಲ್ಲಿ ಮೊಬೈಲು ಹಿಡಿದ ಕಾಲೇಜು ಹುಡುಗಿ.

“ಏಳ್ರಿ ಹಿರೇರ, ಸಿಟ್ಟು ಬಿಡ್ರಿ,” ಎಂದ ಹಂಪಣ್ಣ. “ನೀವು ಉಣ್ಣಲಿಲ್ಲಂದ್ರ ನಾವೂ ಉಣ್ಣಂಗಿಲ್ಲ. ನಮ್ಮ ಕೂಸುಗಳ ಮಾರಿ ನೋಡ್ರಿ.”

ಕೂಸುಗಳು ಮಾಸ್ತರರನ್ನು, ಮಾಸ್ತರರು ರೊಟ್ಟಿಯನ್ನು ನೋಡಿದರು. ಪುಂಡಿಪಲ್ಯದ ಹುಳಿ, ಶೇಂಗಾ ಚಟ್ನಿಯ ಘಮ ಮೂಗಿಗೆ ಬಡಿಯಿತು. ಕಾದಂಬರಿ, ಸಾಹಸ, ಮಕ್ಕಳ ಸಾಹಿತ್ಯದ ಭವಿಷ್ಯ ಎಂದು ಅವರು ಎಷ್ಟು ಬಿಡಿಸಿ ಹೇಳಿದರೂ ಯಾರಿಗೂ ನಂಬಿಕೆ ಬರಲಿಲ್ಲ. “ಕತಿ ಬರಿಯಾಕ ಯಾರರ ಉಪವಾಸ ಬೀಳ್ತಾರೇನು? ಬರದ ಮ್ಯಾಲ ಬೀಳ್ತಾರ,” ಎಂದಳು ಹಣಮಮ್ಮ.

ಬೇರೆ ದಾರಿ ಕಾಣದೆ ಮಾಸ್ತರರು ಜೀವಮಾನದಲ್ಲೇ ಮೊದಲ ಸಲ ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದರು. “ನಂದು ಹರಕಿ ಅದ. ಈ ಕಡ್ಡಿಯಾಗ ಬೆಂಕಿ ಹುಟ್ಟೋತನಕ ನಾನು ಉಣ್ಣಂಗಿಲ್ಲ.”

ಹರಕೆ ಎಂದದ್ದೇ ತಡ, ಎಲ್ಲರೂ ಕೈಮುಗಿದರು. ಈಗ ಹೋಗುತ್ತಾರೆ ಎಂದುಕೊಂಡರೆ, ಸುತ್ತ ಕುಳಿತು ಭಜನೆಯನ್ನೇ ಶುರು ಮಾಡಿದರು! ಅಂಬಿಕಾ ವೀಡಿಯೊ ಹಿಡಿಯತೊಡಗಿದಳು. ಸೂರ್ಯ ನೆತ್ತಿಯಿಂದ ಇಳಿದ. ಅಂಗೈ ಸುಲಿಯಿತು. ಕೂಸೊಂದು ಹಸಿವಿಗೆ ರಾಗ ತೆಗೆಯಿತು. ಮಾಸ್ತರರಿಗೆ ಅದೇ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, ‘ಶಿವನೇ, ಸುಳ್ಳಾಡಿದ್ದಕ್ಕೆ ನನ್ನನ್ನು ಶಿಕ್ಷಿಸು, ಈ ಕೂಸುಗಳನ್ನಲ್ಲ. ಉಮಾ, ನೀನಾದರೂ ಒಂದು ಮಾತು ಹೇಳು ಅವನಿಗೆ’ ಎನ್ನುತ್ತ ಉಳಿದ ಬಲವನ್ನೆಲ್ಲ ಹಾಕಿ ಉಜ್ಜಿದರು.

ಹುಬ್ಬು ಚುರ್ ಎಂದಿತು. ಕಣ್ಣು ತೆರೆದರೆ ಹುಲ್ಲು ಧಗಧಗ ಉರಿಯುತ್ತಿತ್ತು!

“ಬೆಂಕಿ! ಹತ್ತೇ ಬಿಡ್ತು ಬೆಂಕಿ!” ಮಾಸ್ತರರು ಪಂಚೆ ಎತ್ತಿ ಕುಣಿದರು. ಜನ ಜಯಘೋಷ ಮಾಡಿದರು.

“ಹರಕಿ ತೀರ್ತು, ಇನ್ನ ಉಣ್ಣು ಯಪ್ಪಾ,” ಎಂದು ಹಣಮಮ್ಮ ರೊಟ್ಟಿ ಮುರಿದು ಬಾಯಿಗೇ ಹಿಡಿದಳು. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಆದರೆ ತಾವೇ ಹೇಳಿದ ಹರಕೆಯ ಮಾತಿನಂತೆ ಈಗ ಉಣ್ಣಲೇಬೇಕು. ಮಾಸ್ತರರು ಉಂಡರು. ಕೂಸುಗಳು ಉಂಡವು, ದೊಡ್ಡಿ ಉಂಡಿತು. ಹೆಂಡತಿ ಹೋದ ಮೇಲೆ ಅಷ್ಟು ಜನರ ನಡುವೆ ಕುಳಿತು ಅವರು ಊಟ ಮಾಡಿದ್ದು ಅದೇ ಮೊದಲು. ರೊಟ್ಟಿ ಎಷ್ಟಾದವೆಂದು ಅವರೂ ಎಣಿಸಲಿಲ್ಲ, ಬಡಿಸಿದವರೂ ಎಣಿಸಲಿಲ್ಲ.

ಇಳಿಹೊತ್ತಿಗೆ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ ಸಂಘಮಿತ್ರಾ ಕಂಡದ್ದು ಏಕಾಂತವಾಸಿಯನ್ನಲ್ಲ. ಎಲೆಯಡಿಕೆ ಮೆಲ್ಲುತ್ತ ಕೂಸುಗಳಿಗೆ ವಿನೋದನ ಕತೆ ಹೇಳುತ್ತಿದ್ದ ಮಾಸ್ತರರನ್ನು.

“ಏನ್ರಿ ಸರ್ ಇದು? ಒಬ್ಬರ ಇರ್ರಿ ಅಂದ್ರ ಬೀಗರೂಟ ಇಟ್ಕೊಂಡೀರಲ್ಲ!”

“ಉಂಡದ್ದು ತಪ್ಪವ್ವಾ, ಒಪ್ಕೋತೀನಿ. ಆದ್ರ ಬೆಂಕಿ? ಬೆಂಕಿ ನಾನ ಮಾಡೀನಿ. ಅಂಬಿಕಾ, ತೋರ್ಸವಾ ಆ ವೀಡಿಯೊ! ಇದನ್ನ ನೋಡಿದ ಮ್ಯಾಲೂ ಅಚ್ಚು ಹಾಕಂಗಿಲ್ಲ ಅಂದ್ರ ಆಗ ಹೇಳು.”

ಅಂಬಿಕಾ ಯಾಕೋ ಹಿಂದೆ ಸರಿದಳು. ಮಾಸ್ತರರೇ ಮೊಬೈಲು ಇಸಿದುಕೊಂಡು ಸಂಘಮಿತ್ರಾಳ ಮುಂದೆ ಹಿಡಿದರು.

ವೀಡಿಯೊದಲ್ಲಿ ಮಾಸ್ತರರು ಕಣ್ಣು ಮುಚ್ಚಿ ಉಜ್ಜುತ್ತಿದ್ದರು, ತುಟಿ ಅಲುಗುತ್ತಿತ್ತು. ಆಗ ಬಂಡೆಯ ಪಕ್ಕದಿಂದ ಹಸಿರು ಬಳೆಗಳ ಕೈಯೊಂದು ಮೆಲ್ಲಗೆ ಬಂದಿತು. ಬೀಡಿ ಹಚ್ಚುವ ಲೈಟರು ಟಿಕ್ ಎಂದಿತು. ಹುಲ್ಲಿಗೆ ಉರಿ ಹತ್ತಿತು. ಕೈ ಬಂದಷ್ಟೇ ಮೆಲ್ಲಗೆ ಹಿಂದೆ ಹೋಯಿತು.

ಮಾಸ್ತರರು ತಿರುಗಿ ಹಣಮಮ್ಮನ ಬಳೆಗಳನ್ನು ನೋಡಿದರು. ಅವಳಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ.

“ಮತ್ತೇನು ಮಾಡ್ಬೇಕಿತ್ತು ಯಪ್ಪಾ? ದೇವ್ರು ಬರೋದು ತಡ ಆತು, ಕೂಸು ಅಳಾಕತ್ತಿತ್ತು.”

ಸಂಘಮಿತ್ರಾ ನಗು ತಡೆಯಲಾರದೆ ಬಂಡೆಗೆ ಒರಗಿದಳು. ಆದರೆ ಮಾಸ್ತರರ ಮುಖ ನೋಡಿ ಅವಳ ದನಿ ಮೆತ್ತಗಾಯಿತು. “ಸರ್, ಮಾತು ಮಾತೇ. ಉಪವಾಸನೂ ಆಗಲಿಲ್ಲ, ಬೆಂಕೀನೂ ಆಗಲಿಲ್ಲ. ಬರೋ ರವಿವಾರ ಇನ್ನೊಂದ್ಸಲ ನೋಡ್ರಿ. ಈ ಸಲ ಮನಷ್ಯಾರು ಸುಳಿಯದಂಥ ಗುಡ್ಡ ಹುಡಕೂಣು.”

ಮಾಸ್ತರರು ಹೂಂ ಎನ್ನುವ ಮೊದಲೇ ಹಂಪಣ್ಣ ನಡುವೆ ಬಂದು ಕೈಮುಗಿದ.

“ಯಾವ ಗುಡ್ಡ ಅಂತ ಮೊದಲ ಹೇಳಿಬಿಡ್ರಿ ಯವ್ವಾ. ದೂರ ಇದ್ರ ನಾವು ಹಿಂದಿನ ದಿನಾನ ರೊಟ್ಟಿ ಬಡಕೊಂಡು ಹೊಂಡಬೇಕಾಗ್ತದ.”